ಹೆಂಗೂ ಹೊಂಟೇವಲ್ಲ!

ನಮ್ಮ ಮಮದಾಪುರದ ಕಡೆ ಗಂಡಸರಲ್ಲಿ ಒಂದು ಪಂಗಡವಿದೆ. ಒಂದೇ ಕೆಲಸ ಇಟ್ಟುಕೊಂಡು ಹೊಸ್ತಿಲು ದಾಟಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ನಂಬಿದವರು ಇವರು. ಡೇರಿಗೆ ಹಾಲು ಹಾಕಲು ಹೊರಟರೆ "ಹೆಂಗೂ ಹೊಂಟೇವಲ್ಲ" ಎನ್ನುತ್ತ ಕುಡಗೋಲನ್ನೂ ಸಾಣೆಗೆ ಒಯ್ಯುತ್ತಾರೆ. ಬೇರೆ ಊರಿಗೆ ಮಣ್ಣಿಗೆ ಹೋದವರು ಬರುವಾಗ ಅಲ್ಲಿಯ ಸಂತೆಯಿಂದ ಮೆಣಸಿನ ಅಗಿ ತರುತ್ತಾರೆ. ಮಗಳಿಗೆ ವರ ನೋಡಲು ಹೋದ ಒಬ್ಬ ಮಹಾನುಭಾವರು ಬೀಗರಾಗಬೇಕಾದವರ ಎಮ್ಮೆಗೆ ದರ ಕುದುರಿಸಿ ಬಂದದ್ದೂ ಉಂಟು. ಸಂಬಂಧ ಕೂಡಲಿಲ್ಲ, ಎಮ್ಮೆ ಮನೆ ತುಂಬಿತು.

ಈ ಪಂಗಡದ ಹಿರಿಯರು ನಮ್ಮ ಓಣಿಯ ಕಾಕಾ. ನಿಮ್ಮ ಓಣಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ, ಹೆಸರು ಬೇಕಿಲ್ಲ. ಮಮದಾಪುರ ಅಂದ ಕೂಡಲೇ ಕೆಲವರು "ಓಹೋ, ದೊಡ್ಡ ಕೆರೆ!" ಎನ್ನುವುದುಂಟು. ಆದಿಲಶಾಹಿ ಕಾಲದ ಆ ಕೆರೆ ಇರುವುದು ವಿಜಯಪುರ ಜಿಲ್ಲೆಯ ಮಮದಾಪುರದಲ್ಲಿ. ನಮ್ಮದು ಗೋಕಾಕದ ಮಮದಾಪುರ. ಇಲ್ಲಿ ಏನು ನೋಡಬೇಕೆಂದರೂ ಬಸ್ಸು ಹತ್ತಬೇಕು.

ಕಾಕಾನ ಹೆಂಡತಿ ಕಾಕೂ ಗೋಕಾಕದ ಬಸ್ಸು ಹತ್ತಿದ್ದಕ್ಕೆ ಲೆಕ್ಕವಿಲ್ಲ. ಬಾಣಂತನಕ್ಕೆ, ಕಣ್ಣಿನ ಆಪರೇಷನ್ನಿಗೆ, ಮದುವೆಯ ಜವಳಿಗೆ, ಕೋರ್ಟಿನ ತಾರೀಖಿಗೆ ಎಲ್ಲಕ್ಕೂ ಹೋಗಿದ್ದಾರೆ. ಪೇಟೆಯಿಂದ ಆರು ಕಿಲೋಮೀಟರ್ ಮುಂದೆ ಘಟಪ್ರಭೆ 171 ಅಡಿ ಕೆಳಗೆ ಧುಮುಕುವ ಜಾಗಕ್ಕೆ ಮಾತ್ರ, ಮದುವೆಯಾಗಿ ಮೂವತ್ತು ವರ್ಷ ದಾಟಿದರೂ, ಹೋಗಿರಲಿಲ್ಲ. ಕೇಳಿದಾಗಲೆಲ್ಲ ಕಾಕಾನ ಉತ್ತರ ಒಂದೇ: "ಅದೇನ ಓಡಿ ಹೊಕ್ಕೈತೇನ? ಅಲ್ಲೇ ಇರತೈತಿ." ಒಮ್ಮೆ ಒಪ್ಪಿದ್ದರಂತೆ, ಏಪ್ರಿಲ್ ತಿಂಗಳಿಗೆ. ಆಗ ಹೊಲದಲ್ಲಿ ಕೆಲಸವಿರುವುದಿಲ್ಲ. ಫಾಲ್ಸಿನಲ್ಲಿ ನೀರೂ ಇರುವುದಿಲ್ಲ ಎಂದು ಕಾಕೂ ನೆನಪಿಸಿದಾಗ, "ನೀರಿಲ್ಲಂದ್ರ ಬಂಡಿ ಚಲೋ ಕಾಣ್ತಾವ" ಅಂದರಂತೆ.

ಕೊನೆಗೆ ಕೆಲಸ ಕೆಡಿಸಿದ್ದು ಕೆನಡಾ. ಕಾಕೂನ ತಮ್ಮನ ಮಗ ಹೆಂಡತಿಯ ಜೊತೆ ಕೆಂಪು ಪ್ಲಾಸ್ಟಿಕ್ ಕೋಟು ಹಾಕಿಕೊಂಡು ನಯಾಗರಾದ ಮುಂದೆ ನಿಂತ ಫೋಟೋ ವಾಟ್ಸಾಪಿಗೆ ಬಂತು. ಗೋಕಾಕ ಫಾಲ್ಸನ್ನು ಕರ್ನಾಟಕದ ನಯಾಗರಾ ಅನ್ನುತ್ತಾರೆ ಎಂಬುದು ಕಾಕೂಗೆ ಗೊತ್ತಿತ್ತು. "ಹುಡುಗ ಸಮುದ್ರ ದಾಟಿ ಹೋಗಿ ನೋಡ್ಯಾನ. ನಾ ಮನಿ ಮುಂದಿಂದು ನೋಡಿಲ್ಲ" ಎಂದು ಭಕ್ಕರಿ ತಟ್ಟುತ್ತ ಒಂದೇ ಸಲ ಅಂದರು. ಭಕ್ಕರಿ ತಟ್ಟುವಾಗ ಅಂದ ಮಾತಿಗೆ ನಮ್ಮಲ್ಲಿ ಬೇರೆ ತೂಕ.

ಕಾಕಾ ಮೊದಲು ಅಂಕಿಸಂಖ್ಯೆಯಲ್ಲಿ ಹೋರಾಡಿದರು. ನಯಾಗರಾದ ಕುದುರೆಲಾಳದ ಜಲಪಾತ 57 ಮೀಟರ್, ನಮ್ಮದು 52. "ಐದು ಮೀಟರ್ ಸಲುವಾಗಿ ಲಕ್ಷಗಟ್ಟಲೆ ಖರ್ಚು ಮಾಡ್ಯಾನ ಶ್ಯಾಣ್ಯಾ!" ಅಗಲದ ಮಾತು ಎತ್ತಲಿಲ್ಲ. ಆದರೆ ವಾದ ಉಲ್ಟಾ ಹೊಡೆಯಿತು. ಹಾಗಾದರೆ ನೋಡಲಿಕ್ಕೆ ನಮ್ಮದೇ ಸೋವಿ ಆಯಿತಲ್ಲ ಎಂದು ಕಾಕೂ ಅಂದರು. ಜೊತೆಗೆ 2023ರ ಜೂನಿನಿಂದ ಶಕ್ತಿ ಯೋಜನೆ ಬಂದಿದೆ, ಹೆಂಗಸರಿಗೆ ಬಸ್ಸು ಪುಕ್ಕಟೆ. ಅರ್ಧ ರೇಟಿನಲ್ಲಿ ಗಂಡ ಹೆಂಡತಿ ಇಬ್ಬರೂ ನೋಡಿ ಬರುವ ಯೋಗ ಕಾಕಾನ ಜಾತಕದಲ್ಲಿ ಮತ್ತೊಮ್ಮೆ ಬರುವುದಿಲ್ಲ. ಶ್ರಾವಣದ ಒಂದು ದಿನ ಗೊತ್ತಾಯಿತು.

ಹಿಂದಿನ ರಾತ್ರಿ ಕಾಕಾ ಪಟ್ಟಿ ಬರೆದರು, ಬೀಜದ ಪಾಕೀಟಿನ ಹಿಂಬದಿಗೆ, ಬಾಲ್‌ಪೆನ್ನಿನಿಂದ ಒತ್ತಿ ಒತ್ತಿ. ನಾನು ಆ ಪಾಕೀಟನ್ನು ಕಣ್ಣಾರೆ ನೋಡಿದ್ದೇನೆ. ಮೊದಲನೆಯದು, ಮೋಟಾರಿನ ಬೇರಿಂಗ್. ಎರಡು, ಕಬ್ಬಿನ ಬಿಲ್ ವಿಚಾರಣೆ. ಮೂರು, ಎಮ್ಮೆಯ ಜಂತಿನ ಔಷಧ. ನಾಲ್ಕು, ಚಾಳೀಸಿನ ಕಡ್ಡಿ. ಐದು, ಬಾಜೂ ಮನೆಯವರ ಉತಾರ. ಆರು, ಪಿವಿಸಿ ಬೆಂಡು, ಎರಡೂವರೆ ಇಂಚು. ಏಳನೆಯ ಸಾಲಿನಲ್ಲಿ, ಜಾಗ ಸಾಲದ್ದಕ್ಕೆ ಸಣ್ಣ ಅಕ್ಷರದಲ್ಲಿ: "ಫಾಲ್ಸ್ (ಟೈಮ್ ಇದ್ರ)."

ಬೆಳಗಿನ ಬಸ್ಸಿಗೆ ಕಾಕೂ ಇಳಕಲ್ ಸೀರೆಯುಟ್ಟು ಬಂದರು. ಕಾಕಾ ಗೋಣಿಚೀಲದಲ್ಲಿ ಮೂರು ಎಚ್‌ಪಿ ಮೋಟಾರು ಕಟ್ಟಿಕೊಂಡು ಬಂದರು. ಕಂಡಕ್ಟರ್ ಆಧಾರ್ ನೋಡಿ ಕಾಕೂಗೆ ಜೀರೋ ಟಿಕೀಟು ಹರಿದ, ಕಾಕಾಗೆ ಫುಲ್ ಟಿಕೀಟು ಹರಿದ, ಚೀಲ ಮುಟ್ಟಿ ನೋಡಿ ಲಗೇಜಿನದೂ ಹರಿದ. "ಹೆಣಮಗಳಿಗೆ ಪುಕ್ಕಟ, ಮೋಟಾರಿಗೆ ರೊಕ್ಕ! ಇದ್ಯಾವ ನ್ಯಾಯ?" ಎಂದು ಕಾಕಾ ಬಸ್ಸಿಗೆಲ್ಲ ಕೇಳಿಸುವಂತೆ ಕೇಳಿದರು. "ಮೋಟಾರಿಗೊಂದು ಸೀರಿ ಉಡಿಸಬೇಕಿತ್ರಿ" ಎಂದು ಹಿಂದಿನ ಸೀಟಿನಿಂದ ಯಾವಳೋ ಪುಣ್ಯಾತ್ಗಿತ್ತಿ ಅಂದಳು. ಇಡೀ ದಿನದಲ್ಲಿ ಕಾಕೂ ಮೊದಲು ನಕ್ಕದ್ದು ಅಲ್ಲಿ.

ಗೋಕಾಕದಲ್ಲಿ ಮಧ್ಯಾಹ್ನದವರೆಗೆ ನಡೆದದ್ದನ್ನು ಬರೆಯುವಂತಿಲ್ಲ, ಯಾಕೆಂದರೆ ಏನೂ ನಡೆಯಲಿಲ್ಲ. ಮೋಟಾರು ಅಂಗಡಿಯವ ಐದಕ್ಕೆ ಬರ್ರಿ ಅಂದ. ಬಿಲ್ಲಿನವರು ನಾಳೆ ಬರ್ರಿ ಅಂದರು. ಉತಾರದವರ ಸರ್ವರ್ ಡೌನ್ ಇತ್ತು. ಕಾಕೂ ಈ ಎಲ್ಲ ಪ್ರೇಕ್ಷಣೀಯ ಸ್ಥಳಗಳ ಹೊರಗೆ ಬೇವಿನ ಗಿಡ ಹುಡುಕಿ ಹುಡುಕಿ ನಿಂತರು.

ಪಟ್ಟಿಯಲ್ಲಿಲ್ಲದ ಕೆಲಸವನ್ನು ಕಾಕೂ ಸುರುಮಾಡಿದ್ದು ಆಮೇಲೆ. ಮೂವತ್ತು ವರ್ಷ ಕೇಳಿದ ಮಂತ್ರ, ಬಾಯಿಗೆ ಬಂದೇ ಬರುತ್ತದೆ. "ಹೆಂಗೂ ಬಂದೇವಲ್ಲ" ಎಂದು ಕರದಂಟಿನ ಅಂಗಡಿಗೆ ತಿರುಗಿದರು. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಗೋಡಂಬಿ, ಬದಾಮಿ, ಉತ್ತತ್ತಿ, ಬೆಲ್ಲ ಎಲ್ಲ ಸೇರಿದ ಈ ಪದಾರ್ಥ ಬಾಣಂತಿಯರಿಗೆ ಸೊಂಟ ಗಟ್ಟಿ ಮಾಡುತ್ತದೆ ಎನ್ನುತ್ತಾರೆ, ತಿನ್ನುವಾಗ ದವಡೆಯನ್ನಂತೂ ಮಾಡುತ್ತದೆ. ಬಾಗಲಕೋಟೆ ಜಿಲ್ಲೆಯ ಅಮೀನಗಡದವರು ತಮ್ಮದೇ ಹೆಚ್ಚು ಅನ್ನುತ್ತಾರೆ. ನನ್ನನ್ನು ಕೇಳಿದರೆ ಎರಡನ್ನೂ ತಿಂದು ಸುಮ್ಮನಿರುವುದು ಲೇಸು. ಕಾಕಾ ಸ್ಯಾಂಪಲ್ಲಿನ ತುಣುಕಿಗೆ ಕೈಚಾಚಿ, ಅಂಟು ಜಾಸ್ತಿ ಆಗೈತಿ ಅಂದು ಪಕ್ಕದ ಅಂಗಡಿಗೆ ಹೋದರು, ಅಲ್ಲಿ ಬೆಲ್ಲ ಕಡಿಮೆ ಅಂದು ಅದರಾಚೆಗೆ ಹೋದರು. ಹೀಗೆ ಊಟದ ಖರ್ಚು ಉಳಿಯಿತು. ಕಾಕೂ ಮೊದಲ ಅಂಗಡಿಯಲ್ಲೇ ಮಗಳಿಗೆಂದು ಒಂದು ಕಿಲೋ ಕಟ್ಟಿಸಿದ್ದರು.

ಮುಂದಿನದು ಗೋಕಾಕದ ಗೊಂಬೆ. ಹಗುರ ಕಟ್ಟಿಗೆಯನ್ನು ಕೆತ್ತಿ ಬಣ್ಣ ಬಳಿದು ಮಾಡಿದ ಹಣ್ಣು, ಕಾಯಿಪಲ್ಲೆ. ನೋಡಿದರೆ ಕೈ ತಾನಾಗಿ ಚೀಲದ ಕಡೆ ಹೋಗಬೇಕು, ಅಂಥ ಕೆಲಸ. ಕಾಕೂ ಒಂದು ಬದನೆಕಾಯಿ ಎತ್ತಿಕೊಂಡರು. ತೊಟ್ಟಿನ ಹಸಿರು ಎಲ್ಲಿ ಮುಗಿದು ಕಾಯಿಯ ನೇರಳೆ ಎಲ್ಲಿ ಸುರುವಾಗುತ್ತದೋ ಅಲ್ಲಿ ಒಂದು ಬಿಳಿಯ ಎಳೆ ಇರುತ್ತದಲ್ಲ, ಹೊಲದಲ್ಲಿ ಬದನೆ ಹರಿದವರಿಗಷ್ಟೇ ಗೊತ್ತಿರುವುದು, ಅದನ್ನೂ ಕಲಾವಿದ ಬಿಟ್ಟಿರಲಿಲ್ಲ. ಕಾಕೂ ಆ ಎಳೆಯ ಮೇಲೆ ಬೆರಳಾಡಿಸಿದರು. ಕಾಕಾ ದರ ಕೇಳಿದರು. ಕೇಳಿ, ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಹೋದ ವರ್ಷ ಒಂದು ಬುಟ್ಟಿ ಬದನಿಕಾಯಿಗೆ ನಮಗ ಇಷ್ಟು ಕೊಟ್ಟಿಲ್ಲ ದಲಾಲ." "ಇದು ಕೊಳಿಯೂದಿಲ್ರಿ" ಅಂದ ಅಂಗಡಿಯವ. ಕೃಷಿ ಮಾರುಕಟ್ಟೆಯ ಬಗ್ಗೆ ಇಷ್ಟು ಚೊಕ್ಕ ಭಾಷಣವನ್ನು ನಾನಂತೂ ಯಾವ ಮೇಳದಲ್ಲೂ ಕೇಳಿಲ್ಲ. ಬದನೆಕಾಯಿ ಕಾಕೂನ ಚೀಲ ಸೇರಿತು.

ಮೋಟಾರು ಐದಕ್ಕೆ ಸಿಗುವುದು, ಈಗಿನ್ನೂ ಒಂದೂವರೆ. ನಡುವಿನ ಹೊತ್ತನ್ನು ಕೊಲ್ಲಲು ಬೇರೇನೂ ಇಲ್ಲದ್ದರಿಂದ ಕಾಕಾ ಫಾಲ್ಸಿಗೆ ನಡೆದರು. ಮೂವತ್ತು ವರ್ಷದ ಬೇಡಿಕೆ ಈಡೇರಿದ್ದು ಒಂದು ಬೇರಿಂಗಿನ ಕೃಪೆಯಿಂದ.

ದೂರದಿಂದಲೇ ಸದ್ದು ಕೇಳಿಸುತ್ತದೆ. ಮೇಲೆ ಮಳೆ ಚೆನ್ನಾಗಿ ಆಗಿತ್ತು, ಹೊಳೆ ಕೆಂಪಾಗಿ ತುಂಬಿ ಬಂದಿತ್ತು. ಬಂಡೆಯ ಅಂಚಿಗೆ ಬಂದ ನೀರು ಕುದುರೆಲಾಳದ ಆಕಾರದಲ್ಲಿ ಒಮ್ಮೆಲೇ ಬಿದ್ದು, ಕೆಳಗೆ ಕಾಣದಾಗಿ, ಹೊಗೆಯಾಗಿ ಮೇಲೆ ಬರುತ್ತದೆ. ಮುಖಕ್ಕೆ ತುಂತುರು ಹೊಡೆಯಿತು. ಕಾಕೂ ಕಟಾಂಜನ ಹಿಡಿದು ನಿಂತರು. ಕಾಕಾ ಕೂಡ ನೋಡಿದರು, ನಿಜ ಹೇಳಬೇಕೆಂದರೆ ಬಹಳ ಹೊತ್ತು ನೋಡಿದರು. ಆಮೇಲೆ ನಿಟ್ಟುಸಿರುಬಿಟ್ಟು, "ಎಷ್ಟು ಎಕರೆ ಕಬ್ಬಿಗೆ ಆಗ್ತಿತ್ತ ನೋಡ. ಎಲ್ಲಾ ಸುಮ್ಮನ ಹೊಂಟೈತಿ" ಅಂದರು.

"ಸುಮ್ಮನ ಹೋಗೂದನ್ನ ನೋಡಾಕ ಬಂದೇವಿ" ಅಂದರು ಕಾಕೂ.

ಮೈಸೂರಿನ ಕಡೆಯ ಹೊಸ ಮದುವೆಯ ಜೋಡಿಯೊಂದು ಅಲ್ಲಿತ್ತು. ಕೇಳುವವರು ಸಿಕ್ಕರೆ ಈ ಪಂಗಡದವರು ಗೈಡ್ ಆಗುತ್ತಾರೆ. ಆಚೆ ಕಾಣುವ ಗಿರಣಿ 1885ರದ್ದು, ಇದೇ ನೀರಿನಿಂದ ಇಲ್ಲಿ 1887ರಲ್ಲೇ ಕರೆಂಟು ತೆಗೆದರು ಎಂದು ಕಾಕಾ ಹೇಳಿದರು. ನಮ್ಮ ಭಾಗದವರೆಲ್ಲ ಇದನ್ನು ಏಷ್ಯಾಕ್ಕೇ ಮೊದಲು ಎಂದು ಹೇಳಿಕೊಳ್ಳುತ್ತೇವೆ. 1902ರ ಶಿವನಸಮುದ್ರಕ್ಕಿಂತ ಹಿಂದಿನದು ಎಂದು ಮೈಸೂರಿನವರ ಮುಂದೆ ಹೇಳುವಾಗ ಕಾಕಾ ಮೀಸೆಗೆ ಕೈ ಹಾಕಿದರು. "ಏಷ್ಯಾದಾಗ ಕರೆಂಟು ಇಲ್ಲೇ ಹುಟ್ಟೇತ್ರಿ. ನಮ್ಮ ಹೊಲಕ್ಕ ಮಾತ್ರ ಇನ್ನೂ ರಾತ್ರಿ ಹನ್ನೆರಡಕ್ಕ ಬರತೈತಿ." ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ, ಗೋಕಾಕ ಚಳವಳಿ ನಡೆದದ್ದೂ ಇಲ್ಲೇ, ರಾಜಕುಮಾರ್ ಇದೇ ಬಂಡೆ ಮೇಲೆ ನಿಂತು ಭಾಷಣ ಮಾಡಿದರು ಎಂದೂ ಸೇರಿಸಿದರು. ಚಳವಳಿಗೆ ಹೆಸರು ಬಂದದ್ದು ವಿ.ಕೃ. ಗೋಕಾಕರ ಸಮಿತಿಯಿಂದ. ಅವರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ, ಅವರ ವರದಿ ಬಂದದ್ದು 1981ರ ಜನವರಿಯಲ್ಲಿ, ರಾಜಕುಮಾರ್ ಧುಮುಕಿ ಚಳವಳಿ ನಾಡೆಲ್ಲ ಹಬ್ಬಿದ್ದು 1982ರಲ್ಲಿ. ಬಂಡೆಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಆಮೇಲೆ ಹೇಳಿದಾಗ ಕಾಕಾ ಸೋಲಲಿಲ್ಲ: "ಧುಮುಕಿದ್ರು ಅಂತ ನೀನ ಅಂದಿಯಲ್ಲ? ಧುಮುಕಾಕ ಬಂಡಿ ಬೇಕಲ್ಲ?"

ತೂಗುಸೇತುವೆಯ ಮೇಲೆ ಆವತ್ತು ಜನರನ್ನು ಬಿಟ್ಟಿದ್ದರು. ಉದ್ದ 201 ಮೀಟರ್, ಕೆಳಗೆ ಹೊಳೆ. ಕಾಕಾ ಹತ್ತು ಹೆಜ್ಜೆ ಹಾಕಿ ತಂತಿ ಹಿಡಿದು ನಿಂತರು. ಸೇತುವೆ ತೂಗಿತು. "ಚಪ್ಪಲಿ ಬಾರು ಸಡ್ಲಾಗೇತಿ, ನೀ ಹೋಗಿ ಬಾ, ನಾ ಚೀಲ ಕಾಯ್ತೇನಿ" ಎಂದು ಹಿಮ್ಮುಖವಾಗಿಯೇ ಬಂದುಬಿಟ್ಟರು. ಕಾಕೂ ಸೆರಗು ಸಿಕ್ಕಿಸಿ ಆ ತುದಿಯವರೆಗೆ ಹೋಗಿ, ಅಲ್ಲಿಂದ ಕೈ ಬೀಸಿ, ವಾಪಸು ಬಂದರು. ಬಂದವರೇ ದಂಡೆಯ ಚಾಲುಕ್ಯರ ಕಾಲದ ಮಹಾಲಿಂಗೇಶ್ವರನಿಗೆ ಕಾಯಿ ಒಡೆಸಿದರು. ಗಂಡನ ಚಪ್ಪಲಿ ಬಾರಿನ ಸಲುವಾಗಿ ಇದ್ದರೂ ಇರಬಹುದು.

ಅಷ್ಟರಲ್ಲಿ ಮೋಟಾರು ಅಂಗಡಿಯವನ ಫೋನು ಬಂತು. ಜಲಪಾತದ ಅಬ್ಬರದಲ್ಲಿ ಅವನದು ಇವರಿಗೆ ಕೇಳದು, ಇವರದು ಅವನಿಗೆ ಕೇಳದು. "ಬೇರಿಂಗ! ಅಲ್ಲಲೇ, ಬುಶ್ ಅಲ್ಲ, ಬೇರಿಂಗ! ಎರಡೂ ಕಡೀದು!" ಎಂದು ಕಾಕಾ ಕಂದರಕ್ಕೆ ಮುಖ ಮಾಡಿ ಕೂಗಿದರು. ಸೆಲ್ಫಿಯವರೆಲ್ಲ ಫೋನು ಇಳಿಸಿ ತಿರುಗಿ ನೋಡಿದರು. ಮೈಸೂರಿನ ಹುಡುಗಿ ಅದೇ ಹೊತ್ತಿಗೆ ಕಾಕೂಗೆಂದು ವೀಡಿಯೊ ತೆಗೆಯುತ್ತಿದ್ದಳು. ಆ ವೀಡಿಯೊ ಈಗ ಕೆನಡಾಕ್ಕೂ ಹೋಗಿದೆ. ಅದರಲ್ಲಿ ಘಟಪ್ರಭೆ ಬೀಳುತ್ತಾಳೆ, ಕಾಕೂ ನಗುತ್ತಾರೆ, ಹಿನ್ನೆಲೆಯಲ್ಲಿ ಬೇರಿಂಗಿನ ಘೋಷ. ತಮ್ಮನ ಮಗ ಮರುಉತ್ತರ ಬರೆದ: "ಇಲ್ಲಿಯ ನಯಾಗರಾಕ್ಕ ಸೌಂಡ್ ಎಫೆಕ್ಟ್ ಕಡಿಮಿ ಐತಿ."

ಸಂಜೆಯ ಬಸ್ಸಿನಲ್ಲಿ ಮೋಟಾರು, ಮೋಟಾರಿನ ಮೇಲೆ ಕರದಂಟಿನ ಡಬ್ಬಿ, ಡಬ್ಬಿಯ ಮೇಲೆ ಕಟ್ಟಿಗೆಯ ಬದನೆಕಾಯಿ. ಪಿವಿಸಿ ಬೆಂಡು ಮರೆತಿತ್ತು. ಮರುದಿನ ಓಣಿಯಲ್ಲಿ ಪ್ರವಾಸದ ಎರಡು ಕಥನ ಹೊರಬಿದ್ದವು. ಕಟ್ಟೆಯ ಮೇಲೆ ಕಾಕಾ ಹೇಳಿದ ಪ್ರಕಾರ ಏಳರಲ್ಲಿ ನಾಲ್ಕು ಕೆಲಸ ಆದವು, ಫಾಲ್ಸ್ ನಾಲ್ಕನೆಯದು. ನಲ್ಲಿಯ ಮುಂದೆ ಕಾಕೂ ಹೇಳಿದ್ದರಲ್ಲಿ ಮೋಟಾರಿನ ಸುದ್ದಿಯೇ ಇಲ್ಲ. ಕೇಳಿದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ತಾವೂ ಫಾಲ್ಸ್ ನೋಡಿಲ್ಲ ಎಂಬುದನ್ನು ಆಗ ಲೆಕ್ಕ ಹಾಕಿದರು. ಓಣಿಯ ಗಂಡಸರಿಗೆ ಕಾಕಾ ಮೇಲೆ ಆಗಿನಿಂದ ಸ್ವಲ್ಪ ಸಿಟ್ಟಿದೆ.

ಈಗ ಕಾಕೂನ ಕಣ್ಣು ಹುಕ್ಕೇರಿ ತಾಲ್ಲೂಕಿನ ಹುನ್ನೂರಿನ ವಿಠ್ಠಲನ ಮೇಲೆ ಬಿದ್ದಿದೆ. ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿರುವ ಗುಡಿ ಅದು, ನೀರು ಇಳಿದಾಗ ಮಾತ್ರ ದರ್ಶನ. ಕಾಕಾ ಎಂದಿನಂತೆ ಮತ್ತೊಮ್ಮೆ ಫಾಲ್ಸನ್ನೂ ಅದಕ್ಕೆ ಜೋಡಿಸಿ ಒಂದೇ ಟಿಕೀಟಿನಲ್ಲಿ ಮುಗಿಸಲು ನೋಡಿದರು, ಆಗಲಿಲ್ಲ. ನೀವು ಹೊರಡುವುದಾದರೆ ತಿಳಿದಿರಲಿ: ಫಾಲ್ಸಿಗೆ ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗಬೇಕು, ವಿಠ್ಠಲನಿಗೆ ಕಡು ಬೇಸಿಗೆಯಲ್ಲಿ. ಒಂದೇ ಹೊಳೆ, ಆದರೆ ಎರಡನ್ನೂ ಒಂದೇ ದಿನ ತೋರಿಸುವುದಿಲ್ಲ.