ಮಾಳಿಗೆ ಟೊಮೇಟೊ ಮೀಮಾಂಸೆ

ಯಾವ ಶಾಸ್ತ್ರವಾದರೂ ಆರಂಭದಲ್ಲಿಯೇ ತನ್ನ ಅನುಬಂಧಚತುಷ್ಟಯವನ್ನು, ಎಂದರೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅಂಗಗಳನ್ನು ಸ್ಪಷ್ಟಪಡಿಸಬೇಕೆಂಬುದು ಪ್ರಾಚೀನರ ಕಟ್ಟಳೆಯಾದ್ದರಿಂದ ಪ್ರಸ್ತುತ ಪ್ರಬಂಧವೂ ಅದಕ್ಕೆ ತಲೆಬಾಗುತ್ತದೆ. ಇಲ್ಲಿಯ ವಿಷಯವು ಹುಬ್ಬಳ್ಳಿ–ಧಾರವಾಡ ಅವಳಿನಗರದ ಮಾಳಿಗೆಗಳ ಮೇಲೆ ಕುಂಡ, ಬಕೆಟ್, ಡಬ್ಬಿ ಮತ್ತು ಚೀಲಗಳಲ್ಲಿ ಬೆಳೆಸಲಾಗುವ ಟೊಮೇಟೊ ಹಾಗೂ ಹಸಿಯಾಗಿ ತಿನ್ನುವ ಕಾಯಿಪಲ್ಲೆ; ಪ್ರಯೋಜನವು ಊಟದ ತಾಟಿನಲ್ಲಿ ರೊಟ್ಟಿಯ ಮಗ್ಗುಲಿಗೆ ಕಾಣಿಸಿಕೊಳ್ಳುವ ಒಂದು ಹಿಡಿ ಹಸಿರು; ಸಂಬಂಧವು ಕುಂಡಕ್ಕೂ ನಲ್ಲಿಗೂ ಇರುವಂಥದು, ಅದು ಮುಂದೆ ವಿವರವಾಗಿ ಚರ್ಚೆಗೆ ಬರಲಿರುವ ಕಹಿಪ್ರಸಂಗ. ಅಧಿಕಾರಿ, ಎಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು ಯಾರೆಂಬ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿದೆ. ನಿವೃತ್ತಿವೇತನ, ಗಟ್ಟಿಯಾದ ಸೊಂಟ, ಸೋರದ ಗಚ್ಚು ಮತ್ತು ಇದೆಲ್ಲವನ್ನೂ ಸಹಿಸಿಕೊಳ್ಳುವ ಕುಟುಂಬ, ಇಷ್ಟು ಉಳ್ಳವನನ್ನು ಅಧಿಕಾರಿಯೆಂದು ಸ್ಥೂಲವಾಗಿ ಒಪ್ಪಬಹುದು. 20 ಲೀಟರಿನ ಕುಂಡವೊಂದರ ಮಣ್ಣು ನೀರು ಕುಡಿದು ನಿಂತಾಗ ಅದು ಸುಮಾರು 30 ಕಿಲೋ ತೂಗಬಹುದಾದ್ದರಿಂದ ಎರಡನೆಯ ಮತ್ತು ಮೂರನೆಯ ಅರ್ಹತೆಗಳನ್ನು ಯಾರೂ ಹಗುರವಾಗಿ ಕಾಣಬಾರದು.

ಈ ಕೃಷಿಯ ಪ್ರಾಚೀನತೆಯನ್ನು ನಿರ್ಣಯಿಸುವಲ್ಲಿ ವಿದ್ವಾಂಸರು ಎಡವುವುದುಂಟು. ಮಾಳಿಗೆ ತೋಟವು ನಗರವಾಸಿಗಳು ಇತ್ತೀಚೆಗೆ ಕಂಡುಕೊಂಡ ಹವ್ಯಾಸವೆಂಬ ಮತವು ಬಯಲುಸೀಮೆಯ ಮಣ್ಣಿನ ಮಾಳಿಗೆಯ ಮನೆಯನ್ನು ಕಣ್ಣಾರೆ ಕಾಣದವರ ಮತ. ತೊಲೆ ಜಂತಿಗಳ ಮೇಲೆ ಮಣ್ಣು ಹೇರಿ, ಮಟ್ಟಸ ಮಾಡಿ, ನಡುವೆ ಬೆಳಕಿಂಡಿ ಬಿಟ್ಟ ಆ ಮನೆಗಳ ನೆತ್ತಿಯ ಮೇಲೆ ಮುಂಗಾರಿನ ನಾಲ್ಕು ಮಳೆ ಬಿದ್ದೊಡನೆ ಹುಲ್ಲು ತಾನಾಗಿಯೇ ಏಳುತ್ತಿತ್ತು. ಅಂದರೆ ಮನೆಯೇ ಕುಂಡವಾಗಿದ್ದು, ಕುಟುಂಬವು ಅದರ ತಳದಲ್ಲಿ ವಾಸಿಸುತ್ತಿತ್ತು. ಸಿಮೆಂಟಿನ ಗಚ್ಚು ಬಂದಾಗ ಆ ಮಣ್ಣನ್ನು ಸಂಭ್ರಮದಿಂದ ಕೆಳಗಿಳಿಸಿದವರ ಮಕ್ಕಳು ಮೊಮ್ಮಕ್ಕಳು ಈಗ ಅದೇ ಮಣ್ಣನ್ನು ಚೀಲಕ್ಕಿಷ್ಟೆಂದು ದುಡ್ಡು ತೆತ್ತು ಮೆಟ್ಟಿಲು ಹತ್ತಿಸುತ್ತಿರುವುದನ್ನು ಪುನರುತ್ಥಾನವೆಂದು ಕರೆಯಬೇಕೋ ಪ್ರಾಯಶ್ಚಿತ್ತವೆಂದು ಕರೆಯಬೇಕೋ ತಿಳಿಯದು. ನಂತರದ ಕಾಲವನ್ನು ಎಣ್ಣೆಡಬ್ಬಿಯ ಯುಗ, ಬಣ್ಣದ ಬಕೆಟ್ಟಿನ ಯುಗ, ಚೀಲದ ಯುಗ ಎಂದು ವಿಂಗಡಿಸಲು ಆಸೆಯಾಗುವುದಾದರೂ, ಒಂದೇ ಮಾಳಿಗೆಯ ಮೇಲೆ ಮೂರೂ ಯುಗಗಳ ಅವಶೇಷಗಳು ಒಂದರ ಪಕ್ಕ ಒಂದು ಜೀವಂತವಾಗಿ ದೊರೆಯುವುದರಿಂದ ಪುರಾತತ್ತ್ವದ ಸ್ತರನ್ಯಾಯ, ಎಂದರೆ ಹಳೆಯದು ಕೆಳಗೆ ಹೊಸದು ಮೇಲೆ ಎಂಬ ನಿಯಮ, ಇಲ್ಲಿ ನಡೆಯುವುದಿಲ್ಲ. ಸಸಿ ಮಡಿಗೆ ಫೇಡೆಯ ರಟ್ಟಿನ ಡಬ್ಬಿಯನ್ನು ಬಳಸುವ ಪದ್ಧತಿ ಧಾರವಾಡದ ವೈಶಿಷ್ಟ್ಯವಾಗಿದ್ದು, ಅದರ ಮೂಲೆಗಳಿಗೆ ಇರುವೆ ಬರುವುದೂ ಆ ವೈಶಿಷ್ಟ್ಯದ ಅಂಗವೇ. 1939ರಲ್ಲಿಯೇ ಕನ್ನಡ ಸಂಶೋಧನಾ ಸಂಸ್ಥೆ ತಲೆಯೆತ್ತಿದ, ಶಾಸನ ಓದುವವರಿಗೆ ಬರವಿಲ್ಲದ ಊರಿನಲ್ಲಿ, ಕುಂಡಗಳಲ್ಲಿ ನೆಟ್ಟ ಐಸ್‌ಕ್ರೀಂ ಕಡ್ಡಿಗಳ ಮೇಲೆ ಬಾಲ್‌ಪೆನ್ನಿನಿಂದ ಕೊರೆದ ‘ಟಮಾಟಿ, ದಸರಾ ಮುಂದ’ ಎಂಬಂಥ ಕಿರುಶಾಸನಗಳ ಸಂಪುಟವೊಂದು ಇನ್ನೂ ಪ್ರಕಟವಾಗದಿರುವುದು ಖೇದದ ಸಂಗತಿ. ಒಂದು ಮಳೆಗೆ ಲಿಪಿ ಅಳಿಸಿಹೋಗುವುದರಿಂದ, ಆಮೇಲೆ ಹುಟ್ಟುವುದು ಟಮಾಟಿಯೋ ಮೆಣಸಿನಗಿಡವೋ ಎಂಬುದನ್ನು ಅಂತರಂಗ ಪ್ರಮಾಣಗಳಿಂದಲೇ ನಿರ್ಧರಿಸಬೇಕಾಗುತ್ತದೆ.

ಮಾಳಿಗೆ ಟೊಮೇಟೊದ ಉತ್ಪತ್ತಿಗೆ ಬೀಜವೇ ಕಾರಣವೆಂದು ಸಸ್ಯಶಾಸ್ತ್ರವು ಹೇಳುತ್ತದೆ. ನಿಜವಾದ ಕಾರಣ ಪೇಟೆಯ ದರ. 2023ರ ಜುಲೈಯಲ್ಲಿ ಟೊಮೇಟೊ ಕಿಲೋಗೆ 100 ರೂಪಾಯಿ ದಾಟಿ, ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋದ ಕ್ರೇಟು 2000 ರೂಪಾಯಿಗೂ ಮಿಗಿಲಾಗಿ ಹರಾಜಾದ ವಾರ್ತೆಯನ್ನು ಓದಿದ ಯಾವ ಸ್ವಾಭಿಮಾನಿ ಗೃಹಸ್ಥನೂ ಖಾಲಿ ಬಕೆಟ್ಟನ್ನು ಮೊದಲಿನ ಕಣ್ಣಿನಿಂದ ನೋಡಲಾರ. ಆದರೆ ಬೀಜವು ಸಸಿಯಾಗಲು ಸುಮಾರು 25ರಿಂದ 30 ದಿನ, ಸಸಿ ನಾಟಿಯಾದ ಮೇಲೆ ಮೊದಲ ಹಣ್ಣು ಕೆಂಪೇರಲು ಮತ್ತೆ 60ರಿಂದ 80 ದಿನ ಬೇಕಾದ್ದರಿಂದ, ಜುಲೈಯ ಸಿಟ್ಟು ಫಲಿಸುವುದು ಅಕ್ಟೋಬರಿನ ನಂತರ. ಆ ವರ್ಷ ಸೆಪ್ಟೆಂಬರಿನ ಹೊತ್ತಿಗೇ ದರ ಮುಗ್ಗರಿಸಿ ಬಿದ್ದಿತ್ತು. ದರ ಏರಿದಾಗ ಬಿತ್ತಿದ ಬೆಳೆ ದರ ಇಳಿದಾಗಲೇ ಕೈಗೆ ಬರುತ್ತದೆಂಬ ಈ ವ್ಯಾಪ್ತಿಗೆ ‘ವಿಳಂಬಫಲನ್ಯಾಯ’ ಎಂದು ಹೆಸರಿಡಬಹುದು. ಇದು ಹೊಲದ ರೈತನಿಗೆ ಅನ್ವಯಿಸಿದಾಗ ದುರಂತವೂ, ಮಾಳಿಗೆಯ ರೈತನಿಗೆ ಅನ್ವಯಿಸಿದಾಗ ಪ್ರಹಸನವೂ ಆಗುತ್ತದೆ. ಹುಬ್ಬಳ್ಳಿ ಪಂಥದವರು, ವ್ಯಾಪಾರದ ಊರಿನವರಾದ್ದರಿಂದ, ಕುಂಡ, ಗೊಬ್ಬರ, ತೆಂಗಿನ ನಾರಿನ ಪುಡಿಗಳ ಖರ್ಚನ್ನು ಹಣ್ಣಿನ ತೂಕದಿಂದ ಭಾಗಿಸಿ, ಬಂದ ಉತ್ತರವನ್ನು ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ. ಧಾರವಾಡ ಪಂಥದವರು ಭಾಗಿಸುವುದೇ ಇಲ್ಲ. ಬೆಳೆದ ಮೂರು ಹಣ್ಣುಗಳ ಬಗ್ಗೆ ಉಪನ್ಯಾಸ ಏರ್ಪಡಿಸುತ್ತಾರೆ.

ಮಣ್ಣಿನ ಪ್ರಕರಣದಲ್ಲಿ ಅವಳಿನಗರದ ಭೂಗೋಳವೇ ಪೂರ್ವಪಕ್ಷವನ್ನೂ ಸಿದ್ಧಾಂತವನ್ನೂ ಒದಗಿಸಿದೆ. ಪಶ್ಚಿಮಕ್ಕೆ, ಮಲೆನಾಡಿನ ಸೆರಗು ತಾಗುವ ಕಡೆ, ಕೆಂಪು ಮಣ್ಣು. ಪೂರ್ವಕ್ಕೆ ನವಲಗುಂದದ ದಿಕ್ಕಿನಲ್ಲಿ ಎರೆಭೂಮಿ. ಎರೆಮಣ್ಣಿನ ಜಿಗುಟು ಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗಿ ಬಿರಿಯುತ್ತವೆ. ಹೊಲದಲ್ಲಿ ಜೋಳ, ಹತ್ತಿ, ಕಡಲೆಗಳನ್ನು ಹಿಂಗಾರಿನ ತೇವದಲ್ಲಿಯೇ ದಡ ಮುಟ್ಟಿಸುವ ಈ ಗುಣವು ಕುಂಡದೊಳಗೆ ವಿಪತ್ತಾಗುತ್ತದೆ, ಏಕೆಂದರೆ ಒದ್ದೆಯಾದಾಗ ಬೇರಿಗೆ ಗಾಳಿಯಿಲ್ಲ, ಒಣಗಿದಾಗ ಹಾಕಿದ ನೀರು ಬಿರುಕಿನಲ್ಲಿ ಇಳಿದು ತಳದ ತೂತಿನಿಂದ ನೇರವಾಗಿ ಕೆಳಮನೆಯವರ ಒಣಹಾಕಿದ ಬಟ್ಟೆಗೆ ಹೋಗುತ್ತದೆ. ಅಜ್ಜನ ಹೊಲದ ಎರೆಮಣ್ಣೇ ಶ್ರೇಷ್ಠವೆಂದು ಹಠ ಹಿಡಿಯುವವರಿಗೆ ವಂಶಾಭಿಮಾನ ಸಲ್ಲಬೇಕಾದದ್ದೇ, ಟೊಮೇಟೊ ಮಾತ್ರ ಸಲ್ಲುವುದಿಲ್ಲ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿ, ಇವುಗಳ ಮಿಶ್ರಣವೇ ಸಿದ್ಧಾಂತ. ಕುಂಡದ ತಳಕ್ಕೆ ಹೆಂಚಿನ ಚೂರಿನ ದಪ್ಪ ಪದರ ಹಾಸಿದರೆ ನೀರು ಬೇಗ ಬಸಿಯುತ್ತದೆಂಬ ಹೆಂಚುವಾದಿಗಳ ಮತವೂ ನಿಲ್ಲದು. ನುಣುಪು ಮಣ್ಣಿನಿಂದ ಒರಟು ಪದರಕ್ಕೆ ನೀರು ಸುಲಭವಾಗಿ ಇಳಿಯದೆ ಗಡಿಯಲ್ಲಿಯೇ ತಂಗುವುದರಿಂದ, ಹೆಂಚು ಹಾಸಿದಷ್ಟೂ ಒದ್ದೆಯ ಪಾತಳಿ ಬೇರಿನ ಸಮೀಪಕ್ಕೆ ಏರುತ್ತದೆ. ತೂತಿನ ಮೇಲೆ ಒಂದು ಚೂರು ಸಾಕು.

ಇನ್ನು ನೀರಿನ ಪ್ರಕರಣ, ಇದೇ ಈ ಶಾಸ್ತ್ರದ ಹೃದಯ. ಕುಂಡಕ್ಕೆ ನೀರು ಬೇಕೇ ಬೇಡವೇ ಎಂಬ ಜ್ಞಾನಕ್ಕೆ ಮೂರು ಪ್ರಮಾಣಗಳು, ಎಂದರೆ ಜ್ಞಾನಸಾಧನಗಳು, ಹೇಳಲ್ಪಟ್ಟಿವೆ. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿನಲ್ಲಿ ಇಳಿಸಿ ತೇವವನ್ನು ಅರಿಯುವುದು ಪ್ರತ್ಯಕ್ಷ. ಕುಂಡವನ್ನು ತುಸು ಓರೆ ಮಾಡಿ, ಹಗುರವಾಗಿದ್ದರೆ ಒಣಗಿದೆಯೆಂದು ತಿಳಿಯುವುದು ಅನುಮಾನ. ಪಕ್ಕದ ಮಾಳಿಗೆಯಿಂದ ಕೇಳಿಬರುವ ‘ಇಷ್ಟ್ಯಾಕ ನೀರ ಹಾಕ್ತೀರಿ’ ಎಂಬುದು ಶಬ್ದಪ್ರಮಾಣ. ಮಧ್ಯಾಹ್ನದ ಬಿಸಿಲಿಗೆ ಎಲೆ ಬಾಡಿದ್ದನ್ನು ನೋಡಿ ನೀರು ಸುರಿಯುವುದು ಮಾತ್ರ ಪ್ರಮಾಣಾಭಾಸ, ಎಂದರೆ ಪ್ರಮಾಣದಂತೆ ಕಾಣುವ ಭ್ರಮೆ. ಸಂಜೆ ಅದೇ ಎಲೆ ತಾನೇ ಎದ್ದು ನಿಲ್ಲುವುದುಂಟು. ಆದರೆ ಮೂರು ಪ್ರಮಾಣಗಳನ್ನೂ ಮೀರಿದ ನಾಲ್ಕನೆಯದೊಂದು ಈ ಊರುಗಳಲ್ಲಿದೆ, ಅದು ನಲ್ಲಿ. ಮಲಪ್ರಭೆಯ ನೀರು ಸವದತ್ತಿಯ ರೇಣುಕಾಸಾಗರದಿಂದ ಇಷ್ಟು ದೂರ ಏರಿ ಬಂದು ಅನೇಕ ಬಡಾವಣೆಗಳಿಗೆ ಹಲವು ದಿನಗಳಿಗೊಮ್ಮೆ ತಲುಪುವ ವ್ಯವಸ್ಥೆಯಲ್ಲಿ, 2008ರಲ್ಲಿ ಕೆಲವು ವಾರ್ಡುಗಳಿಗಷ್ಟೇ ನಿರಂತರ ನೀರಿನ ಪ್ರಾತ್ಯಕ್ಷಿಕೆ ಆರಂಭವಾದಂದಿನಿಂದ ಟೊಮೇಟೊಗಳಲ್ಲಿಯೂ ಎರಡು ವರ್ಗಗಳು ಹುಟ್ಟಿಕೊಂಡವು. ನೀರು ಬಂದ ದಿನ ಕುಂಡಗಳು ಉಕ್ಕುತ್ತವೆ. ಮುಂದಿನ ಸರದಿಯವರೆಗೆ ಪಾತ್ರೆ ತೊಳೆದ ನೀರಿನ ಮೇಲೆ ಬದುಕುತ್ತವೆ. ಇದರ ಫಲವನ್ನು ಹಣ್ಣಿನ ತಳವೇ ಹೇಳುತ್ತದೆ. ಕಾಯಿಯ ಹೂತುದಿಯಲ್ಲಿ ಕಪ್ಪಗೆ, ಚರ್ಮದಂತೆ ಗುಳಿಬೀಳುವ ಕೊಳೆಯು ರೋಗಾಣುವಿನಿಂದ ಬರುವುದಲ್ಲ. ಸುಣ್ಣದ ಅಂಶವಾದ ಕ್ಯಾಲ್ಸಿಯಂ ಗಿಡದಲ್ಲಿ ನೀರಿನ ಜೊತೆಗೇ ಚಲಿಸುವುದರಿಂದ, ನೀರು ಏರುಪೇರಾದಾಗ ಅದು ಕಾಯಿಯ ತುದಿಗೆ ತಲುಪದೆ ಹೋಗುವುದರಿಂದ ಬರುತ್ತದೆ. ಮೊಟ್ಟೆ ತಿನ್ನುವ ಮನೆಗಳಲ್ಲಿ ಅದರ ಸಿಪ್ಪೆಯನ್ನೂ, ತಿನ್ನದ ಮನೆಗಳಲ್ಲಿ ಎಲೆಯಡಿಕೆ ಡಬ್ಬಿಯ ಸುಣ್ಣವನ್ನೂ, ಶಿಕ್ಷಕರ ಮನೆಗಳಲ್ಲಿ ಖಡುವಿನ ತುಣುಕನ್ನೂ ಬುಡಕ್ಕೆ ಹಾಕುವ ಮೂರು ಸಂಪ್ರದಾಯಗಳು ಪ್ರಚಲಿತವಿದ್ದು, ಬಂಡಿ ಬಾರದ ಊರಿನಲ್ಲಿ ಸಾಮಾನು ಹೇರಿಟ್ಟಂತೆ ಮೂರೂ ನಿಷ್ಫಲ. ದಿನಕ್ಕೆ ಒಂದೇ ಪ್ರಮಾಣದ ನೀರು, ಮಣ್ಣಿನ ಮೇಲೆ ಒಣಗಿದ ಎಲೆಯ ಹೊದಿಕೆ, ಇವೆರಡರಿಂದ ಕೊಳೆ ನಿಲ್ಲುತ್ತದೆ. ಆದರೆ ಇದು ಔಷಧವಲ್ಲವಾದ್ದರಿಂದ ಯಾರೂ ನಂಬುವುದಿಲ್ಲ.

ಪರಾಗಸ್ಪರ್ಶದ ವಿಷಯದಲ್ಲಿ ಈ ನಗರಗಳಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಟೊಮೇಟೊದ ಹೂವು ದ್ವಿಲಿಂಗಿ, ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಬಲ್ಲದು. ಆದರೆ ಪರಾಗವು ಶಂಕುವಿನಾಕಾರದ ಕೋಶದೊಳಗೆ ಬಚ್ಚಿಟ್ಟುಕೊಂಡಿರುವುದರಿಂದ ಅದನ್ನು ಉದುರಿಸಲು ಕಂಪನ ಬೇಕು. ಸಾಮಾನ್ಯ ಜೇನುನೊಣಕ್ಕೆ ಈ ವಿದ್ಯೆ ಬಾರದು. ನೀಲಿ ಪಟ್ಟೆಯ ಒಂಟಿಜೇನು ಹೂವನ್ನು ಅಪ್ಪಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಸೆಕೆಂಡಿಗೆ ಕೆಲವು ನೂರು ಬಾರಿ ಅದುರಿಸಿದಾಗ, ಅಂದರೆ ಮನುಷ್ಯಕಂಠದ ವ್ಯಾಪ್ತಿಯೊಳಗಿನ ಸ್ವರವೊಂದನ್ನು ಹಿಡಿದು ನಿಂತಾಗ, ಪರಾಗ ಸುರಿಯುತ್ತದೆ. ಗಂಗೂಬಾಯಿ ಹಾನಗಲ್ಲರಿಂದ ಕಿರಾಣಾ ಘರಾಣೆಯೂ, ಮಲ್ಲಿಕಾರ್ಜುನ ಮನ್ಸೂರರಿಂದ ಜೈಪುರ–ಅತ್ರೌಲಿ ಘರಾಣೆಯೂ ನೆಲೆಗೊಂಡ ನಾಡಿನಲ್ಲಿ, ಹೂವು ಸ್ವರದ ಶುದ್ಧಿಗೆ ಒಲಿಯುತ್ತದೋ ಲಯದ ಬಿಗಿಗೆ ಒಲಿಯುತ್ತದೋ ಎಂಬ ಪ್ರಶ್ನೆ ಇನ್ನೂ ಪ್ರಯೋಗಕ್ಕೆ ಒಳಪಟ್ಟಿಲ್ಲ. ಬ್ಯಾಟರಿಯಿಂದ ನಡೆಯುವ ಹಲ್ಲುಜ್ಜುವ ಬ್ರಷ್ಷನ್ನು ಹೂಗೊಂಚಲಿನ ತೊಟ್ಟಿಗೆ ತಾಗಿಸಿದರೂ ಕೆಲಸ ನಡೆಯುತ್ತದೆಂಬುದು ಸಂಗೀತಪ್ರಿಯರಿಗೆ ಅಪ್ರಿಯವಾದ ಸತ್ಯ. ಬಯಲಿನಲ್ಲಿರುವ ಮಾಳಿಗೆಗೆ ಗಾಳಿಯ ಅಲುಗಾಟವೇ ಬಹುಮಟ್ಟಿಗೆ ಸಾಕೆಂಬುದು ಬ್ರಷ್ಷು ಕೊಂಡವರಿಗೆ ಅಪ್ರಿಯವಾದ ಸತ್ಯ. ಏಪ್ರಿಲಿನಲ್ಲಿ ಬಿಸಿಲು 35 ಡಿಗ್ರಿ ದಾಟಿದಾಗ ಪರಾಗವೇ ಸತ್ವಗೆಡುವುದರಿಂದ ಹೂವು ಉದುರುತ್ತದೆ, ಆಗ ಯಾವ ಘರಾಣೆಯೂ ಒದಗದು. ಆದ್ದರಿಂದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳದ ಹೊತ್ತಿಗೆ, ಎಂದರೆ ಸಾಮಾನ್ಯವಾಗಿ ಸೆಪ್ಟೆಂಬರಿನ ಸುಮಾರಿಗೆ ಬೀಜ ತಂದು, ಚಳಿಗಾಲದ ಬಿಸಿಲಿನಲ್ಲಿ ಹಣ್ಣು ಕಾಣುವುದೇ ಲೇಸು. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯು ಎಲೆಮುದುಡು ವೈರಸ್, ಬ್ಯಾಕ್ಟೀರಿಯಾ ಸೊರಗು ಮತ್ತು ಎಲೆ ಅಂಗಮಾರಿಗಳಿಗೆ ತಡೆ ಒಡ್ಡಬಲ್ಲದ್ದಾದರೂ, ಉತ್ಸಾಹಿ ಯಜಮಾನನಿಗೆ ತಡೆ ಒಡ್ಡುವ ಗುಣ ಅದಕ್ಕೂ ಇಲ್ಲ.

ಇಷ್ಟಾದ ಮೇಲೆ ಒಂದು ಪ್ರಶ್ನೆ ಏಳುತ್ತದೆ: ಕುಂಡಕ್ಕೆ ಟೊಮೇಟೊವೇ ಏಕೆ? 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸುಂಕದ ವ್ಯಾಜ್ಯವೊಂದರಲ್ಲಿ ಅದನ್ನು ಹಣ್ಣಲ್ಲ, ತರಕಾರಿಯೆಂದು ತೀರ್ಪಿತ್ತಿತು; ಇಲ್ಲಿಯ ಅನೇಕ ಸಂಪ್ರದಾಯಸ್ಥ ಅಡುಗೆಮನೆಗಳು ಶ್ರಾದ್ಧದ ದಿನ ಅದನ್ನು ಎರಡರಲ್ಲಿ ಯಾವುದೆಂದೂ ಒಪ್ಪದೆ ಹೊರಗಿಡುತ್ತವೆ. ಜೋಳದ ರೊಟ್ಟಿಯ ಜೊತೆಗೆ ಹಸಿಯಾಗಿ ತಿನ್ನಲು ಈ ಸೀಮೆಯವರು ಬಹುಕಾಲದಿಂದ ಆರಿಸಿಕೊಂಡದ್ದು ಮೆಂತ್ಯದ ತಪ್ಪಲು, ಉಳ್ಳಾಗಡ್ಡಿ ತಪ್ಪಲು, ಎಳೆ ಮೂಲಂಗಿ, ಹಕ್ಕರಕಿ, ಸವತಿಕಾಯಿಗಳನ್ನು. ಮೆಂತ್ಯಕ್ಕೆ ಒಂದು ಗೇಣು ಆಳದ ಡಬ್ಬಿಯೂ ಹೆಚ್ಚು; ಬಿತ್ತಿದ ಮೂರು ವಾರಕ್ಕೆ ಕೊಯ್ಯಬಹುದು; ಅಡುಗೆಮನೆಯ ಡಬ್ಬಿಯಲ್ಲಿರುವ ಕಾಳೇ ಬೀಜ. ಉಳ್ಳಾಗಡ್ಡಿಯು ಮೊಳೆತಾಗ ಎಸೆಯುವ ಬದಲು ಹುಗಿದರೆ ತಪ್ಪಲು ಬರುತ್ತದೆ. ಕುಂಡಕೃಷಿಯ ಸಮಸ್ತ ಲಕ್ಷಣಗಳೂ ಈ ಬೆಳೆಗಳಲ್ಲಿ ಪರಿಪೂರ್ಣವಾಗಿವೆ, ಮತ್ತು ಅದೇ ಕಾರಣಕ್ಕೆ ಅವುಗಳನ್ನು ಯಾರೂ ಬೆಳೆಯುವುದಿಲ್ಲ, ಏಕೆಂದರೆ ಮೆಂತ್ಯದ ಫೋಟೋ ತೆಗೆದು ಬೀಗರಿಗೆ ಕಳಿಸಲಾಗದು. ಬದಲಿಗೆ ಲೆಟ್ಯೂಸ್ ಬಿತ್ತುತ್ತಾರೆ. ಮಣ್ಣು ಕಾದರೆ ಅದರ ಬೀಜ ಮಲಗಿಬಿಡುತ್ತದೆ. ಎದ್ದರೂ ಶಿವರಾತ್ರಿಯ ನಂತರದ ಸೆಕೆಗೆ ಸರ್ರನೆ ದಂಟೆತ್ತಿ ಹೂವಿಗೆ ಹೊರಟು, ಎಲೆ ಬೇವಿಗೆ ಸಮೀಪದ ರುಚಿಗೆ ತಿರುಗುತ್ತದೆ. ಅದನ್ನು ಮನೆಮಂದಿಯೆಲ್ಲ ಆರೋಗ್ಯಕ್ಕೆ ಒಳ್ಳೆಯದೆಂದು ಮೌನವಾಗಿ ಅಗಿಯುವ ದೃಶ್ಯವು ಸಮಾಜಶಾಸ್ತ್ರಜ್ಞರ ಗಮನಕ್ಕೆ ಅರ್ಹವಾದುದು.

ಕೊನೆಯದಾಗಿ ಮುಸ್ಯಾನ ಪ್ರಕರಣ. ಗಿಡಮರ ತುಂಬಿದ ಧಾರವಾಡದ ಬಡಾವಣೆಗಳಲ್ಲಿ ಮಾಳಿಗೆಯ ಫಸಲಿನ ಪಕ್ವತೆಯನ್ನು ಯಜಮಾನನಿಗಿಂತ ಒಂದು ದಿನ ಮುಂಚಿತವಾಗಿ ಅರಿಯಬಲ್ಲ ತಜ್ಞರೆಂದರೆ ಮಂಗ ಮುಸ್ಯಾಗಳೇ. ಅವು ತಿನ್ನುವುದಕ್ಕಿಂತ ಕಚ್ಚಿ ಎಸೆಯುವುದು ಹೆಚ್ಚು, ವಿಮರ್ಶಕನ ಧೋರಣೆ ಅವುಗಳದು. ಬಲೆ, ಕನ್ನಡಿ, ಹಳೆಯ ಸಿಡಿ, ಬಟ್ಟೆಯ ಹುಲಿ ಮೊದಲಾದ ಉಪಾಯಗಳು ಮೊದಲ ವಾರ ಮಾತ್ರ ಪ್ರಭಾವಶಾಲಿ. ಇದಕ್ಕೆ ಶಾಸ್ತ್ರೀಯ ಪರಿಹಾರವಿದೆ: ಕಾಯಿಯ ತುದಿಯಲ್ಲಿ ನಸುಗೆಂಪು ಮೂಡಿದೊಡನೆ ಕಿತ್ತು ಒಳಗಿಟ್ಟರೆ, ಕಾಯಿ ತಾನೇ ಹೊರಸೂಸುವ ಎಥಿಲೀನ್ ಅನಿಲದಿಂದ ಅದು ಮನೆಯೊಳಗೂ ಹಣ್ಣಾಗುತ್ತದೆ, ರುಚಿಯಲ್ಲಿ ಹೆಚ್ಚು ಲುಕಸಾನವೂ ಆಗದು. ಆದರೆ ಅಷ್ಟು ಕಾಯುವ ವ್ಯವಧಾನವಿಲ್ಲದ ಮನೆಗಳಲ್ಲಿ ಅತ್ತೆಯೋ ತಾಯಿಯೋ ನಸುಕಿನಲ್ಲಿಯೇ ಮಾಳಿಗೆ ಹತ್ತಿ, ಇದ್ದ ಹಸಿರು ಕಾಯಿಗಳನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು ಇಳಿದು, ಹಸಿಮೆಣಸಿನಕಾಯಿ ಬೆಳ್ಳುಳ್ಳಿಗಳೊಂದಿಗೆ ಎಣ್ಣೆಯಲ್ಲಿ ಬಾಡಿಸಿ, ಕುಟ್ಟಿ ಚಟ್ನಿ ಮಾಡಿಬಿಡುತ್ತಾರೆ. ಯಜಮಾನನ ಅರ್ಕಾ ರಕ್ಷಕ್, ಹೂವಿನ ಕಂಪನ, ತಳದ ಕೊಳೆ ಎಲ್ಲವೂ ಎರಡು ರೊಟ್ಟಿಯಲ್ಲಿ ಇತ್ಯರ್ಥವಾಗುತ್ತವೆ. ಈ ಚಟ್ನಿಗೆ ಶೇಂಗಾ ಹಾಕಬೇಕೋ ಎಳ್ಳು ಹಾಕಬೇಕೋ ಎಂಬ ವಿವಾದವು ಹುಬ್ಬಳ್ಳಿಯ ಮನೆಗಳಿಗೂ ಧಾರವಾಡದ ಮನೆಗಳಿಗೂ ನಡುವೆ ಇರುವುದಲ್ಲ, ಒಂದೇ ಮನೆಯ ಅತ್ತೆ ಸೊಸೆಯರ ನಡುವೆ ಇರುವಂಥದು. ಸಾಕ್ಷ್ಯ ನುಡಿಯಲು ಎರಡೂ ಪಕ್ಷದವರು ಒಪ್ಪದಿರುವುದರಿಂದ ಅದನ್ನು ಎರಡನೆಯ ಸಂಪುಟಕ್ಕೆ ಬಿಡಲಾಗಿದೆ.