ಲಾಕರಿನೊಳಗೆ ದೊಡ್ಡಮ್ಮ

ಐವತ್ತು ವರ್ಷ ಸಂಸಾರ ಮಾಡಿದರೂ ನಮ್ಮ ದೊಡ್ಡಮ್ಮ ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿದವರಲ್ಲ. ಆಧಾರ್ ಮಾಡಿಸುವಾಗ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ಅವರ ಹೆಸರಿನ ಬಾಲಕ್ಕೆ ದೊಡ್ಡಪ್ಪನ ಹೆಸರನ್ನು ಅಂಟಿಸಿಬಿಟ್ಟ. ಅಂದಿನಿಂದ ಯಾರಾದರೂ ‘ಪೂರ್ತಿ ಹೆಸರು ಹೇಳಿಯಮ್ಮ’ ಎಂದರೆ ಸಾಕು, ಕಾರ್ಡನ್ನು ಮುಂದೆ ಚಾಚಿ ‘ಅದ್ರಾಗೈತೆ, ನೋಡ್ಕಳಪ್ಪ’ ಎಂದು ಮುಖ ತಿರುಗಿಸುತ್ತಾರೆ. ಹನ್ನೆರಡು ಅಂಕಿಯ ಚೀಟಿಯಿಂದ ಇಂಥದ್ದೊಂದು ಉಪಕಾರವೂ ಆದೀತೆಂದು ಅದನ್ನು ರೂಪಿಸಿದವರು ಎಣಿಸಿರಲಾರರು.

ವೋಟರ್ ಕಾರ್ಡಿನಲ್ಲಿ ಅವರು ಪುಟ್ಟಮ್ಮ, ರೇಷನ್ ಕಾರ್ಡಿನಲ್ಲಿ ಪುಟ್ಟಲಕ್ಷ್ಮಮ್ಮ. ಹುಟ್ಟಿದ ದಿನದ ಕಥೆ ಬೇರೆ. ನನ್ನ ಓರಗೆಯವರಲ್ಲಿ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಶಾಲೆ ತೆರೆಯುವ ಹೊತ್ತಿಗೆ ಲೆಕ್ಕ ಸರಿಹೋಗಲೆಂದು ಹೆಡ್‌ಮೇಷ್ಟ್ರು ಹುಟ್ಟಿಸಿದ್ದು. ಶಾಲೆಯ ಮೆಟ್ಟಿಲೇ ಹತ್ತದ ದೊಡ್ಡಮ್ಮನಿಗೆ ಆ ಭಾಗ್ಯವೂ ಇಲ್ಲ. ಅವರ ಕಾರ್ಡಿನಲ್ಲಿರುವುದು ಬರೀ ಇಸವಿ.

ಈ ಕಾರ್ಡುಗಳೆಲ್ಲ ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ನಿಶ್ಚಿಂತೆಯಾಗಿದ್ದವು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡುವ ಶಕ್ತಿ ಯೋಜನೆ ಬಂತು ನೋಡಿ, ಆಧಾರ್ ಟ್ರಂಕಿನಿಂದ ಎದ್ದು ಬಸ್ಸು ಹತ್ತಿತು. ಕುಣಿಗಲ್ಲಿನ ತಂಗಿ, ಯಡಿಯೂರಿನ ಸಿದ್ಧಲಿಂಗೇಶ್ವರ, ಸಂತೆ, ಸಾವು, ಸೀಮಂತ ಎಲ್ಲಕ್ಕೂ ದೊಡ್ಡಮ್ಮ ಹಾಜರು. ‘ಜೆರಾಕ್ಸ್ ಆಗಾಕಿಲ್ಲ, ಒರಿಜಿನಲ್ ತೋರ್ಸಿ’ ಎಂಬುದು ಶುರುವಿನಲ್ಲಿ ಕಂಡಕ್ಟರುಗಳ ಮಂತ್ರವಾಗಿತ್ತು. ಒರಿಜಿನಲ್ ಕಳೆದರೆ ಗತಿಯೇನೆಂದು ದೊಡ್ಡಮ್ಮ ಲ್ಯಾಮಿನೇಶನ್ ಮೇಲೆ ಲ್ಯಾಮಿನೇಶನ್ ಮಾಡಿಸಿದರು. ಮೊದಲೇ ಆಧಾರಿನ ಫೋಟೋದಲ್ಲಿ ಯಾರೂ ಯಾರಂತೆಯೂ ಇರುವುದಿಲ್ಲ. ಈಗಂತೂ ದೊಡ್ಡಮ್ಮ ಕೆರೆಯ ತಳದಿಂದ ನೋಡುವವರಂತೆ ಕಾಣತೊಡಗಿದರು.

ಆಗ ನಾನು ಡಿಜಿಲಾಕರ್ ವಿಷಯ ಎತ್ತಿದೆ. 2015ರಿಂದಲೇ ಇರುವ ವ್ಯವಸ್ಥೆ. ಫೋನಿನಲ್ಲೂ ತೆರೆಯಬಹುದು, ಕಂಪ್ಯೂಟರಿನ ಬ್ರೌಸರಿನಲ್ಲೂ ತೆರೆಯಬಹುದು. ಅದರೊಳಕ್ಕೆ ಇಲಾಖೆಯೇ ಇಳಿಸಿಕೊಟ್ಟ ಕಾರ್ಡಿಗೆ ಅಸಲಿನಷ್ಟೇ ಬೆಲೆಯೆಂದು 2017ರಲ್ಲಿ ಕಾನೂನೂ ಆಗಿದೆ ಎಂದೆಲ್ಲ ವಿವರಿಸಿದೆ.

‘ಲಾಕರ್ರಾ? ವರ್ಸಕ್ಕೆ ಬಾಡಿಗೆ ಎಷ್ಟೋ?’

‘ಬಾಡಿಗೆ ಇಲ್ಲ ದೊಡ್ಡಮ್ಮ, ಪುಕ್ಕಟೆ.’

‘ಅಂಗಾರೆ ನನ್ ಕಾಸಿನ ಸರಾನೂ ಅದ್ರಾಗೇ ಇಕ್ಬಿಡು.’

ಸರದ ವಿಚಾರ ಇತ್ಯರ್ಥವಾದ ಮೇಲೆ ಆಧಾರ್ ಸಂಖ್ಯೆ ಒತ್ತಿದೆ. ‘ನೋಂದಾಯಿತ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ’ ಎಂದಿತು. ದೊಡ್ಡಮ್ಮನ ಫೋನು ಮಿಸುಕಲಿಲ್ಲ. ವಿಚಾರಿಸಿದರೆ, ಆಧಾರ್ ಮಾಡಿಸಿದ ದಿನ ಕೊಟ್ಟದ್ದು ಅಳಿಯಂದಿರ ನಂಬರು! ಅಳಿಯಂದಿರಿಗೂ ಅತ್ತೆಗೂ ಮಾತು ನಿಂತುಹೋಗಿತ್ತು. ಗೃಹಪ್ರವೇಶದ ಪಂಕ್ತಿಯಲ್ಲಿ ಅವರ ಎಲೆಯ ಹೋಳಿಗೆಗೆ ತುಪ್ಪ ಬೀಳಲಿಲ್ಲ ಎಂಬುದು ಕಾರಣ. ಬಡಿಸಿದವನು ಯಾರೋ, ಶಿಕ್ಷೆ ಯಾರಿಗೋ.

ಓಟಿಪಿಗೆ ಹತ್ತು ನಿಮಿಷದ ಆಯುಷ್ಯ. ನಮ್ಮ ಕಡೆ ಮುನಿದ ಅಳಿಯನನ್ನು ಮಾತಾಡಿಸಲು ಹಿರಿಯರು ಹೋಗಬೇಕು, ಹಣ್ಣು ಕಾಯಿ ಒಯ್ಯಬೇಕು, ಅವರು ಎರಡು ಸಲ ‘ಊಹೂಂ’ ಅನ್ನಬೇಕು. ಇದೆಲ್ಲ ಹತ್ತು ನಿಮಿಷದಲ್ಲಿ ಮುಗಿಯುವ ಬಾಬತ್ತೇ? ಆದರೂ ಫೋನು ಮಾಡಿದೆ.

‘ಭಾವ, ಒಂದು ನಂಬರ್ ಬಂದಿದೆಯಾ ನೋಡಿ.’

‘ಬಂದೈತೆ. ನಾಲ್ಕು... ಇವತ್ತು ನಾವು ಗ್ಯಾಪಕಕ್ಕೆ ಬಂದ್ವಾ? ಒಂಬತ್ತು... ಅವತ್ತು ಪಂಕ್ತೀಲಿ ಬರಲಿಲ್ವಲ್ಲ?’

ಒಂದೊಂದು ಅಂಕಿಗೆ ಒಂದೊಂದು ದೂರು. ಐದನೆಯ ಅಂಕಿ ಮುಗಿದು ಆರನೆಯದಕ್ಕೆ ಬರುವಷ್ಟರಲ್ಲಿ ಅವಧಿ ತೀರಿತು. ಮತ್ತೆ ಓಟಿಪಿ ತರಿಸಿದೆ. ಈ ಸಲ ದೊಡ್ಡಮ್ಮ ಫೋನು ಕಸಿದುಕೊಂಡು, ‘ಬನ್ನಿ ಅಳಿಯಂದಿರೇ, ಹೋಳಿಗೆ ಮುಳುಗೋವಷ್ಟು ತುಪ್ಪ ಬಿಡ್ತೀನಿ, ಈಗ ನಂಬರ್ ಹೇಳಿ’ ಎಂದರು. ಆರೂ ಅಂಕಿ ಒಂದೇ ಉಸಿರಿನಲ್ಲಿ ಬಂದವು.

ಮರುದಿನದ ಬಸ್ಸಿನಲ್ಲಿ ನಾನೂ ಇದ್ದೆ. ಕಂಡಕ್ಟರ್ ಬಂದಾಗ ದೊಡ್ಡಮ್ಮ ಠೀವಿಯಿಂದ ಫೋನು ತೆಗೆದು ಒತ್ತಿದರು. ಕಾರ್ಡಿನ ಬದಲು ರಾತ್ರಿಯ ಧಾರಾವಾಹಿಯ ಸೊಸೆ ಬಂದು ಗೊಳೋ ಎಂದು ಅತ್ತಳು. ಇಡೀ ಬಸ್ಸು ಅತ್ತ ತಿರುಗಿತು. ಕಾರ್ಡು ಸಿಗುವವರೆಗೂ ಕಂಡಕ್ಟರ್ ತಾಳ್ಮೆಯಿಂದ ನಿಂತಿದ್ದು ಶೂನ್ಯ ಟಿಕೆಟ್ ಹರಿದುಕೊಟ್ಟರು.

ಹಿಂದಿನ ಸೀಟಿನಲ್ಲಿದ್ದ ಹೊಸೂರಿನ ಹೆಂಗಸಿಗೆ ಮಾತ್ರ ದುಡ್ಡಿನ ಟಿಕೆಟ್. ಆಕೆಯ ಬಾಯಲ್ಲಿ ಅಚ್ಚ ಕನ್ನಡ, ಕಾರ್ಡಿನಲ್ಲಿ ತಮಿಳುನಾಡಿನ ವಿಳಾಸ. ಪಕ್ಕದಲ್ಲೇ ಕೂತಿದ್ದ, ಬೆಂಗಳೂರಿನ ವಿಳಾಸವಿರುವ ಮಾರವಾಡಿ ಅಜ್ಜಿಗೆ ಪುಕ್ಕಟೆ. ಯೋಜನೆ ರಾಜ್ಯದ ನಿವಾಸಿಗಳಿಗೆ, ಕಾರ್ಡು ಓದುವುದು ಪಿನ್‌ಕೋಡನ್ನು. ಕಂಡಕ್ಟರ್ ಏನು ಮಾಡಿಯಾರು? ನಮ್ಮೂರಿನಲ್ಲಾದರೆ ‘ಯಾವೂರಾಯ್ತು? ಯಾರ ಪೈಕಿ?’ ಎಂಬ ಎರಡು ಪ್ರಶ್ನೆಗೆ ಮೂರು ತಲೆಮಾರು ಹೊರಬರುತ್ತದೆ, ಯಾವ ಸರ್ವರೂ ಬೇಕಾಗುವುದಿಲ್ಲ. ದೊಡ್ಡಮ್ಮ ಅದನ್ನೇ ಶುರುಮಾಡಿದರು. ಯಡಿಯೂರು ಬರುವಷ್ಟರಲ್ಲಿ ಹೊಸೂರಿನಾಕೆ ದೂರದ ಸಂಬಂಧದಲ್ಲಿ ನಾದಿನಿಯಾಗಿದ್ದರು. ಆ ಪುರಾವೆ ಟಿಕೆಟ್ ಮೆಷಿನ್ನಿಗೆ ನಡೆಯುವುದಿಲ್ಲ, ಅಷ್ಟೆ.

ಎಲ್ಲ ಕಡೆಯೂ ಇಷ್ಟು ಸಲೀಸಲ್ಲ ಅನ್ನಿ. ಒಂದು ಕಚೇರಿಯಲ್ಲಿ ಫೋನಿನ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಗುಮಾಸ್ತರು, ‘ಚೆನ್ನಾಗಿದೆ. ಇದರದ್ದು ಎರಡು ಜೆರಾಕ್ಸ್ ತನ್ನಿ’ ಎಂದರು.

ದೊಡ್ಡಮ್ಮನ ಕೀರ್ತಿ ಬೀದಿಗೆಲ್ಲ ಹಬ್ಬಿ ಈಗ ಭಾನುವಾರ ನಮ್ಮ ಜಗಲಿಯೇ ಸೇವಾ ಕೇಂದ್ರ. ಮೊನ್ನೆ ಎದುರು ಮನೆಯ ರತ್ನಕ್ಕ ತಮ್ಮ ಕಾರ್ಡು ಮುಗಿಸಿಕೊಂಡು, ಯಜಮಾನರ ಆಧಾರನ್ನೂ ಸೆರಗಿನಿಂದ ತೆಗೆದು ಮುಂದಿಟ್ಟರು.

‘ಇವರನ್ನೂ ಲಾಕರಿಗೆ ಹಾಕ್ಬಿಡಪ್ಪ.’

‘ಗಂಡಸರಿಗೆ ಬಸ್ಸು ಫ್ರೀ ಇಲ್ವಲ್ಲ ರತ್ನಕ್ಕ.’

‘ಬಸ್ಸಿಗ್ಯಾರು ಕೇಳಿದ್ರು? ಸಂಜೆ ಹೊತ್ತು ಬಾರ್ ಕಡೆ ಹೋಗ್ದಂಗೆ ಬೀಗ ಬಿದ್ರೆ ಸಾಕು.’