ಮನೆಯ ವಿಮೆ, ಮನೆಯ ಅಳತೆಗೆ

"ರಾಯರೇ, ಒಂಚೂರು ಈ ಕಡೆ ಬನ್ನಿ. ನಿಮ್ಮ ತೆಂಗಿನಮರ ನಮ್ಮ ಹೆಂಚಿನ ಕಡೆ ವಾಲಿದೆ ಅಂತ ತಕರಾರು ತೆಗೆಯೋಕೆ ಕರೀಲಿಲ್ಲ. ಮಗನಿಗೆ ಅಂತ ಮೇಲೆ ಮನೆ ಎಬ್ಬಿಸಿದಿರಲ್ಲ, ಅದಕ್ಕೆ ವಿಮೆ ಮಾಡಿಸಿದಿರಾ?"

"ಅದೆಲ್ಲ ಬ್ಯಾಂಕಿನವರು ಸಾಲದ ಜೊತೆಗೇ ಮಾಡಿಸಿಬಿಟ್ಟಿದ್ದಾರಮ್ಮ" ಅಂದರು ರಾಯರು. ಆ ಕಾಗದ ತರಿಸಿ ಕಾಂಪೌಂಡಿನ ಮೇಲೇ ಹರಡಿಕೊಂಡು ಓದಿದೆವು. ಅದು ಸಾಲ ತೆಗೆದ ಮಗನ ಜೀವಕ್ಕೆ ಮಾಡಿಸಿದ ವಿಮೆ. ಅವನಿಗೇನಾದರೂ ಆದರೆ ಬಾಕಿ ಸಾಲ ತೀರುತ್ತದೆ. ಅದೂ ಬೇಕಾದದ್ದೇ. ಆದರೆ ಮನೆಗೆ ಬೆಂಕಿ ಬಿದ್ದರೆ, ಗೋಡೆ ಕುಸಿದರೆ, ಆ ಕಾಗದದಿಂದ ಒಂದು ಇಟ್ಟಿಗೆಯೂ ಬರುವುದಿಲ್ಲ. ಗೃಹಸಾಲ ಮಾಡಿದವರೆಲ್ಲ ಮೊದಲು ನೋಡಬೇಕಾದದ್ದು ಇದನ್ನೇ: ವಿಮೆ ಆಗಿರುವುದು ಮನುಷ್ಯರಿಗೋ, ಮನೆಗೋ? ಮನೆಗೇ ಆಗಿದ್ದರೂ ಎಷ್ಟಕ್ಕೆ ಆಗಿದೆ? ಬಾಕಿ ಸಾಲದಷ್ಟಕ್ಕೆ ಮಾತ್ರ ಮಾಡಿಸಿದ್ದರೆ ಬ್ಯಾಂಕಿನ ದುಡ್ಡು ಉಳಿಯಿತು, ನೀವು ಕೈಯಿಂದ ಹಾಕಿದ್ದು ಹೋಯಿತು.

"ಹಾಗಾದರೆ ಎಷ್ಟಕ್ಕೆ ಮಾಡಿಸೋದು? ಈಗ ಮಾರಿದರೆ ಈ ಮನೆ ಒಂದು ಕೋಟಿ ಹೋಗುತ್ತೆ" ಅಂದರು.

ಆ ಒಂದು ಕೋಟಿಯಲ್ಲಿ ಸೈಟಿನ ಬೆಲೆಯೇ ಹೆಚ್ಚು. ನೆಲ ಸುಡುವುದಿಲ್ಲ, ಅದಕ್ಕೆ ವಿಮೆ ಬೇಕಿಲ್ಲ. ಲೆಕ್ಕ ಹಾಕಬೇಕಾದದ್ದು ಇದೇ ಮನೆಯನ್ನು ಇವತ್ತಿನ ದರದಲ್ಲಿ ಮತ್ತೆ ಕಟ್ಟುವ ಖರ್ಚನ್ನು. ಒಳಗಿನ ಅಳತೆ ಹನ್ನೆರಡು ಚದರ ಇದೆ, ಮೇಸ್ತ್ರಿ ಅಡಿಗೆ 2,000 ರೂಪಾಯಿ ಹೇಳುತ್ತಾನೆ ಅಂತಿಟ್ಟುಕೊಳ್ಳಿ. 1,200 ಅಡಿಗೆ 24 ಲಕ್ಷ ಆಯಿತು. ಕಾಂಪೌಂಡು, ಗೇಟು, ಸಂಪು, ಸೋಲಾರ್ ಇದ್ದರೆ ಅದರ ಖರ್ಚನ್ನೂ ಸೇರಿಸಿ. ಒಂದು ಕೋಟಿಗೆ ಮಾಡಿಸಿದರೆ ಬರೀ ಪ್ರೀಮಿಯಂ ದಂಡ. ಸಿಗುವುದು ಕಟ್ಟುವ ಖರ್ಚು ಮಾತ್ರ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದವರು 'ಭಾರತ್ ಗೃಹ ರಕ್ಷಾ' ಅಂತ ಒಂದು ಮಾದರಿ ಪಾಲಿಸಿ ತಂದಿದ್ದಾರೆ. ಬೆಂಕಿ ವಿಮೆ ಮಾಡುವ ಕಂಪನಿಗಳೆಲ್ಲ ಇದನ್ನು ಕೊಡಲೇಬೇಕು, ಮುಖ್ಯ ಷರತ್ತುಗಳು ಎಲ್ಲ ಕಡೆಯೂ ಒಂದೇ. ಸಾಮಾನ್ಯ ಸಂಸಾರಸ್ಥರಿಗೆ ಇಷ್ಟು ಅನುಕೂಲವಾದ ಕಾಗದ ಈ ಹಿಂದೆ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಳೆಯ ಬೆಂಕಿ ಪಾಲಿಸಿಗಳಲ್ಲಿ ಮನೆಯ ಅರ್ಧ ಬೆಲೆಗೆ ವಿಮೆ ಮಾಡಿಸಿ ನಾಲ್ಕು ಲಕ್ಷ ನಷ್ಟವಾದರೆ, ನಷ್ಟವನ್ನೂ ಅರ್ಧ ಮಾಡಿ ಎರಡೇ ಲಕ್ಷ ಕೊಡುತ್ತಿದ್ದರು. ಈ ಪಾಲಿಸಿಯಲ್ಲಿ ಆ ಕಡಿತ ಇಲ್ಲ. ಹತ್ತು ವರ್ಷದವರೆಗೆ ಒಟ್ಟಿಗೆ ಮಾಡಿಸಬಹುದು. ವಿಮೆಯ ಮೊತ್ತವೂ ವರ್ಷಕ್ಕೆ ಶೇಕಡಾ 10ರಂತೆ ತಾನಾಗಿ ಏರುತ್ತದೆ. ಕಟ್ಟಡಕ್ಕೆ ಮಾಡಿಸಿದರೆ ಒಳಗಿನ ಸಾಮಾನಿಗೂ ಅದರ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ ರಕ್ಷಣೆ ಸೇರಿಕೊಳ್ಳುತ್ತದೆ. ಅದು ಸಾಲದಿದ್ದರೆ ಸಾಮಾನಿನ ಪಟ್ಟಿ ಕೊಟ್ಟು ಹೆಚ್ಚಿಸಿಕೊಳ್ಳಬಹುದು.

ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ನೀರಿನ ಟ್ಯಾಂಕು ಒಡೆಯುವುದು ಎಲ್ಲವೂ ಇದರಲ್ಲಿ ಬರುತ್ತದೆ. ಮರ ಮುರಿದು ಮನೆಯ ಮೇಲೆ ಬೀಳುವುದೂ ಬರುತ್ತದೆ ಅಂದಾಗ ರಾಯರು ತಮ್ಮ ತೆಂಗಿನಮರವನ್ನು ಒಮ್ಮೆ ನೋಡಿದರು. ಬಾರದ್ದು ಏನು ಅನ್ನುವುದನ್ನು ಅದಕ್ಕಿಂತ ಗಮನವಿಟ್ಟು ಓದಬೇಕು. ಸಿಡಿಲು ಬಡಿದು ಗೋಡೆ ಬಿರಿದರೆ ದುಡ್ಡು ಬರುತ್ತದೆ. ವೈರಿನಲ್ಲಿ ಕರೆಂಟು ಏರಿ ಟಿವಿ ಸುಟ್ಟುಹೋದರೆ, ಅದು ಸಿಡಿಲಿನಿಂದಲೇ ಆಗಿದ್ದರೂ, ಆ ಟಿವಿಗೆ ಬರುವುದಿಲ್ಲ. ಟಿವಿಯಿಂದ ಬೆಂಕಿ ಹತ್ತಿ ಪಕ್ಕದ ಸೋಫಾ, ಬೀರು ಸುಟ್ಟರೆ ಅವಕ್ಕೆ ಬರುತ್ತದೆ.

ಕಳ್ಳತನದ್ದೂ ಹಾಗೆಯೇ. ಬೆಂಕಿಯೋ ಪ್ರವಾಹವೋ ಆದ ಏಳು ದಿನದೊಳಗೆ ಆ ಗೊಂದಲದಲ್ಲಿ ಕಳುವಾದರೆ ಮಾತ್ರ ಇದರಲ್ಲಿ ಸಿಗುತ್ತದೆ. ಮಾಮೂಲಿ ದಿನ ಬೀಗ ಒಡೆದು ಕದ್ದರೆ ಇಲ್ಲ. ನಾವು ಮದುವೆ, ಜಾತ್ರೆ ಅಂತ ಮನೆಗೆ ಬೀಗ ಹಾಕಿ ಹೊರಡುವವರು. ಹಾಗಾಗಿ ಕಳವಿನ ವಿಮೆಯನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳುವುದು ಒಳ್ಳೆಯದು. ಒಡವೆ, ಬೆಳ್ಳಿ ಸಾಮಾನು ಕೂಡ ತಾನಾಗಿ ಸೇರುವುದಿಲ್ಲ. ಬೆಲೆ ತೋರಿಸಿ ಬೇರೆ ಮಾಡಿಸಬೇಕು.

ಅಷ್ಟರಲ್ಲಿ ರಾಯರ ಮನೆಯವರೂ ಬಂದರು. ಅವರ ಮಗಳು ಬೆಂಗಳೂರಿನಲ್ಲಿ ಬಾಡಿಗೆಗಿದ್ದಾಳೆ, ನೆಲಮಹಡಿ. "ಬಾಡಿಗೆಯವರಿಗೆ ಇದೆಲ್ಲ ಯಾಕೆ?" ಅಂದರು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಮನೆಗಳಿಗೇ ನೀರು ನುಗ್ಗಿತಲ್ಲ, ಅಂಥ ಹೊತ್ತಿನಲ್ಲಿ ಕಟ್ಟಡ ಮಾಲೀಕನದಾದರೂ ನೆನೆಯುವ ಫ್ರಿಜ್ಜು, ಮಂಚ, ವಾಷಿಂಗ್ ಮೆಷಿನ್ನು ಬಾಡಿಗೆಯವರದೇ. ಕಟ್ಟಡ ಬಿಟ್ಟು ಸಾಮಾನಿಗಷ್ಟೇ ವಿಮೆ ಮಾಡಿಸಬಹುದು. ಸ್ವಂತ ಫ್ಲ್ಯಾಟಿನವರು ಅಸೋಸಿಯೇಷನ್ ಇಡೀ ಕಟ್ಟಡಕ್ಕೆ ವಿಮೆ ಮಾಡಿಸಿದೆಯೇ ಅಂತ ಮೊದಲು ವಿಚಾರಿಸಬೇಕು.

"ದೊಡ್ಡ ಅನಾಹುತ ಆದರೆ ಸರ್ಕಾರ ಕೊಡುತ್ತಲ್ಲ" ಅನ್ನುವ ಮಾತು ಬಂತು. ಕೊಡುತ್ತದೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿತು, ಮರುವರ್ಷ ಬೆಳಗಾವಿ, ಬಾಗಲಕೋಟೆ ಕಡೆ ಹೊಳೆಗಳು ಊರಿಗೇ ನುಗ್ಗಿದವು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಘೋಷಿಸಿತು. ಏನೂ ಇಲ್ಲದವರಿಗೆ ಅದು ದೊಡ್ಡ ಆಸರೆ. ಆದರೆ 24 ಲಕ್ಷದ ಮನೆ 5 ಲಕ್ಷಕ್ಕೆ ಏಳುವುದಿಲ್ಲ. ಊರಿಗೆಲ್ಲ ಆಗದೆ ನಮ್ಮೊಂದು ಮನೆಗೆ ಬೆಂಕಿ ಬಿದ್ದರೆ ಯಾವ ಘೋಷಣೆಯನ್ನು ಕಾಯುವುದು? ಪರಿಹಾರ ಕೊಡುವವರ ಮನಸ್ಸಿಗೆ ಬಿಟ್ಟದ್ದು. ಪಾಲಿಸಿ ಕರಾರು, ಅದನ್ನು ಹಕ್ಕಿನಿಂದ ಕೇಳಬಹುದು. ಕಂಪನಿ ಕೊಡದೆ ಸತಾಯಿಸಿದರೆ ವಿಮಾ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲೇ ಇದೆ, ದೂರಿಗೆ ಶುಲ್ಕವಿಲ್ಲ.

ಕೇಳುವ ಹಕ್ಕಿಗೆ ಪುರಾವೆ ಬೇಕು. ಒಂದು ಭಾನುವಾರ ಕೂತು ಕೋಣೆ ಕೋಣೆಯ ಫೋಟೋ ತೆಗೆದು, ದೊಡ್ಡ ಸಾಮಾನಿನ ಬಿಲ್ಲುಗಳ ಜೊತೆ ಬೇರೆ ಊರಲ್ಲಿರುವ ಮಕ್ಕಳಿಗೆ ಕಳಿಸಿಡಿ. ಅನಾಹುತವಾದರೆ ಕೂಡಲೇ ಕಂಪನಿಗೆ ತಿಳಿಸಿ. ಸರ್ವೇಯರ್ ಬಂದು ನೋಡುವ ತನಕ ಹಾಳಾದ ಸಾಮಾನನ್ನು ಗುಜರಿಗೆ ಹಾಕಬೇಡಿ.

ಬೈಕಿಗೆ, ಕಾರಿಗೆ ಕಾನೂನಿನ ಭಯಕ್ಕೆ ವರ್ಷ ವರ್ಷ ವಿಮೆ ಕಟ್ಟುತ್ತೇವೆ. ಮನೆಗೆ ಆ ಕಾನೂನಿಲ್ಲ, ಅದಕ್ಕೇ ಮರೆಯುತ್ತೇವೆ. ಕಾರಿಗೆ ಕಟ್ಟುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ ದುಡ್ಡಿನಲ್ಲೇ ಮನೆಯ ವಿಮೆ ಆಗುತ್ತದೆ. ಏಜೆಂಟರನ್ನು ಕರೆಯುವ ಮೊದಲು ಮೇಸ್ತ್ರಿಯನ್ನು ಕರೆದು ಅಡಿಗೆ ಎಷ್ಟಾಗುತ್ತದೆ ಅಂತ ಕೇಳಿ ಅಂದೆ. ರಾಯರು ಟೇಪು ತರಲು ಒಳಗೆ ಹೋದರು.